ತಾಳೆಯಾಗದ ಡಿಸ್ಕುಗಳು: ತಂತ್ರಾಂಶ ರೇಡ್‌ನಲ್ಲಿ ದತ್ತಾಂಶದ ಪರಿಶೀಲನೆ ಮತ್ತು ದುರಸ್ತಿ

ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳ ಕಪಾಟುಗಳಲ್ಲಿದ್ದ ಧ್ವನಿಸುರುಳಿಗಳು, ನಾಟಕ ಮತ್ತು ಯಕ್ಷಗಾನದ ವೀಡಿಯೊ ಕ್ಯಾಸೆಟ್‌ಗಳು, ಸ್ಮರಣ ಸಂಚಿಕೆಗಳು, ಸದಸ್ಯರ ದಾಖಲೆ ಪುಸ್ತಕಗಳು ಕಳೆದ ಎರಡು ದಶಕಗಳಲ್ಲಿ ಒಂದೊಂದಾಗಿ ಗಣಕಯಂತ್ರದೊಳಗೆ ಸೇರಿಕೊಂಡಿವೆ. ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಮೂಲ ಸುರುಳಿ ಹಾಳಾದಲ್ಲೆಲ್ಲ ಗಣಕದಲ್ಲಿರುವ ಪ್ರತಿಯೇ ಈಗ ಮೂಲ. ಅಂಥ ಸಂಗ್ರಹವನ್ನು ಒಂದೇ ಹಾರ್ಡ್ ಡಿಸ್ಕಿನಲ್ಲಿಡುವುದು ಅಪಾಯವೆಂದು ಬಗೆದು ಎರಡು ಅಥವಾ ನಾಲ್ಕು ಡಿಸ್ಕುಗಳನ್ನು ಜೋಡಿಸಿ ‘ರೇಡ್’ ಮಾಡಿಸಿಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಜೋಡಿಸಿದ ಮೇಲೆ ಅದನ್ನು ತೆರೆದು ನೋಡಿದವರು ಕಡಿಮೆ. ಆ ಡಿಸ್ಕುಗಳು ಒಂದನ್ನೊಂದು ಒಪ್ಪುತ್ತಿವೆಯೇ ಎಂದು ಪರಿಶೀಲಿಸುವುದು ಹೇಗೆ, ಒಪ್ಪದಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ರೇಡ್ ಎಂದರೇನು?

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಅವರು 1988ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ಬಳಕೆಗೆ ಬಂತು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ದತ್ತಾಂಶವನ್ನು ಮರಳಿ ಪಡೆಯುವಂತೆ ಮಾಡುವುದು ಅದರ ಸಾರ. ಈ ಕೆಲಸವನ್ನು ಪ್ರತ್ಯೇಕ ಕಾರ್ಡೊಂದು ಮಾಡಿದರೆ ಅದು ಹಾರ್ಡ್‌ವೇರ್ ರೇಡ್. ಗಣಕದ ಕಾರ್ಯಾಚರಣ ವ್ಯವಸ್ಥೆಯೇ ಮಾಡಿದರೆ ತಂತ್ರಾಂಶ ರೇಡ್. ಲಿನಕ್ಸ್‌ನಲ್ಲಿ ಎಂಡಿ ಎಂಬ ಭಾಗ ಇದನ್ನು ನಿರ್ವಹಿಸುತ್ತದೆ. ಅದನ್ನು ನಡೆಸುವ ಎಂಡಿಎಡಿಎಂ ಎಂಬ ಸಲಕರಣೆಯನ್ನು ಬರೆದವರು ನೀಲ್ ಬ್ರೌನ್. ಮನೆ ಮತ್ತು ಕಚೇರಿಗಳಲ್ಲಿ ಬಳಸುವ ನ್ಯಾಸ್ ಪೆಟ್ಟಿಗೆಗಳಲ್ಲಿ ಬಹುಪಾಲಿನವುಗಳ ಒಳಗೆ ಕೆಲಸ ಮಾಡುವುದೂ ಇದೇ ಎಂಡಿ.

ರೇಡ್ 1 ಎಂದರೆ ಕನ್ನಡಿ ಪ್ರತಿ. ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲಿಯೂ ಇರುತ್ತದೆ. ರೇಡ್ 5ರಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಡಿಸ್ಕುಗಳಿರುತ್ತವೆ. ದತ್ತಾಂಶದ ಜತೆಗೆ ‘ಪ್ಯಾರಿಟಿ’ ಎಂಬ ತಾಳೆಯ ಅಂಕಿಯನ್ನೂ ಬರೆದಿಡಲಾಗುತ್ತದೆ. ನಾಲ್ಕು ಡಿಸ್ಕುಗಳ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಮೂರರಲ್ಲಿ ಒಂದೇ ಸ್ಥಾನದಲ್ಲಿ 1, 0, 1 ಇದ್ದರೆ ಒಂದುಗಳ ಸಂಖ್ಯೆ ಎರಡು, ಅಂದರೆ ಸಮ. ಆಗ ನಾಲ್ಕನೆಯದರಲ್ಲಿ 0 ಬರೆಯಲಾಗುತ್ತದೆ. ನಾಲ್ಕನ್ನೂ ಸೇರಿಸಿದಾಗ ಒಂದುಗಳು ಸದಾ ಸಮಸಂಖ್ಯೆಯಲ್ಲಿರಬೇಕು ಎಂಬುದೇ ನಿಯಮ. ಎರಡನೆಯ ಡಿಸ್ಕು ಸುಟ್ಟುಹೋಯಿತೆನ್ನಿ. ಉಳಿದದ್ದು 1, 1, 0. ಇವು ಈಗಾಗಲೇ ಸಮವಾಗಿರುವುದರಿಂದ ಕಳೆದುಹೋದದ್ದು 0 ಎಂದು ತಿಳಿಯುತ್ತದೆ. ರೇಡ್ 6ರಲ್ಲಿ ಇಂಥದ್ದೇ ಎರಡು ಅಂಕಿಗಳಿದ್ದು ಎರಡು ಡಿಸ್ಕುಗಳು ಒಟ್ಟಿಗೆ ಹೋದರೂ ತಡೆದುಕೊಳ್ಳುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಯಾವ ಡಿಸ್ಕು ಕೆಟ್ಟಿದೆ ಎಂದು ಗೊತ್ತಿರುವಾಗ ಮಾತ್ರ ಈ ಲೆಕ್ಕ ಕೆಲಸಕ್ಕೆ ಬರುತ್ತದೆ. ಕೆಟ್ಟ ಡಿಸ್ಕು ‘ನಾನು ಕೆಟ್ಟಿದ್ದೇನೆ’ ಎಂದು ಒಪ್ಪಿಕೊಂಡರೆ ಸರಿ. ನಾಲ್ಕೂ ಡಿಸ್ಕುಗಳು ಚೆನ್ನಾಗಿಯೇ ಓದಿಕೊಟ್ಟು, ಬಂದ ಉತ್ತರ 1, 1, 1, 0 ಎಂದಾದರೆ? ಒಂದುಗಳು ಮೂರು, ಅಂದರೆ ಬೆಸ. ನಾಲ್ವರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ; ಯಾರೆಂದು ಹೇಳಲು ಪ್ಯಾರಿಟಿಗೆ ಸಾಧ್ಯವಿಲ್ಲ.

ಬ್ಯಾಂಕಿನ ಲೆಡ್ಜರ್ ಕಾಲವನ್ನು ಕಂಡವರಿಗೆ ಈ ಸಂಕಟ ಹೊಸದಲ್ಲ. ಉಳಿತಾಯ ಖಾತೆಗಳ ಲೆಡ್ಜರುಗಳನ್ನು ಕೂಡಿಸಿ ಬಂದ ಮೊತ್ತವು ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆಯಾಗಬೇಕು. ಆಗದಿದ್ದರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆಯೇ ಹೊರತು ಯಾವ ಪುಟದಲ್ಲಿ ಎಂದು ತಿಳಿಯುವುದಿಲ್ಲ. ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿವೆ, 54ರ ಬದಲು 45 ಬರೆದಿದ್ದಾರೆ ಎಂದು ಹಿರಿಯರು ಹೇಳಿಕೊಡುತ್ತಿದ್ದರು. ಅದು ಸುಳಿವು, ಸಾಕ್ಷಿಯಲ್ಲ. ಸಾಕ್ಷಿ ಇರುತ್ತಿದ್ದುದು ವೋಚರಿನಲ್ಲಿ. ವೋಚರ್ ತೆರೆಯದೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ತಳ್ಳಿದರೆ ಪುಸ್ತಕ ತಾಳೆಯಾಗುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ರೇಡ್‌ನ ‘ರಿಪೇರ್’ ಆಜ್ಞೆಯ ಬಗ್ಗೆ ಮುಂದೆ ಹೇಳುವಾಗ ಈ ಮಾತು ನೆನಪಿರಲಿ.

ವ್ಯತ್ಯಾಸ ಬರುವುದು ಎಲ್ಲಿಂದ?

ಮೊದಲ ಕಾರಣ ವಿದ್ಯುತ್ತು. ಡಿಸ್ಕುಗಳಿಗೆ ಬರೆಯುವುದು ಏಕಕಾಲದಲ್ಲಿ ಮುಗಿಯುವ ಕೆಲಸವಲ್ಲ. ಒಂದರಲ್ಲಿ ಹೊಸ ದತ್ತಾಂಶ ಬರೆದು, ಇನ್ನೊಂದರಲ್ಲಿ ಪ್ಯಾರಿಟಿ ಬರೆಯುವ ಮುನ್ನ ಕರೆಂಟ್ ಹೋದರೆ ಅವೆರಡೂ ಹೊಂದುವುದಿಲ್ಲ. ಇದನ್ನು ‘ರೈಟ್ ಹೋಲ್’ ಎನ್ನುತ್ತಾರೆ. ಇದರ ಕೇಡು ತಡವಾಗಿ ಕಾಣಿಸುತ್ತದೆ. ಮುಂದೆಂದೋ ಒಂದು ಡಿಸ್ಕು ಕೆಟ್ಟಾಗ, ಆ ತಪ್ಪು ಪ್ಯಾರಿಟಿಯಿಂದ ಲೆಕ್ಕ ಹಾಕಿ ಪಡೆದ ದತ್ತಾಂಶ ಕಸವಾಗಿರುತ್ತದೆ. ಅದೂ ಅಂದು ನಾವು ಮುಟ್ಟದೇ ಇದ್ದ ಬೇರೊಂದು ಕಡತದ ಭಾಗವಾಗಿರಬಹುದು.

ನಮ್ಮ ಭಾಗದವರಿಗೆ ಇದು ದೂರದ ಮಾತಲ್ಲ. 2000ರ ದಶಕದಲ್ಲಿ ಮುಂಬಯಿ ನಗರಕ್ಕೆ ಲೋಡ್ ಶೆಡ್ಡಿಂಗ್‌ನಿಂದ ವಿನಾಯಿತಿ ಇದ್ದಾಗಲೂ ಕಲ್ಯಾಣ್-ಡೊಂಬಿವಲಿಯವರು ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತಿದ್ದರು. 2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿಮುಂಬಯಿಗಳು ಒಮ್ಮೆಲೇ ವಿದ್ಯುತ್ ಕಳೆದುಕೊಂಡವು. ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಕಳವಾ ಮತ್ತು ಪಡಘಾ ನಡುವಣ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಒಂದು ದುರಸ್ತಿಯಲ್ಲಿದ್ದಾಗ ಇನ್ನೊಂದರಲ್ಲಿ ದೋಷ ಕಾಣಿಸಿಕೊಂಡದ್ದು ಅದಕ್ಕೆ ಕಾರಣವೆಂದು ಹೇಳಲಾಯಿತು. ಆ ಕ್ಷಣದಲ್ಲಿ ಎಷ್ಟು ಡಿಸ್ಕುಗಳು ಅರ್ಧ ವಾಕ್ಯ ಬರೆದು ನಿಂತಿದ್ದವೋ!

ಎಂಡಿ ಇದನ್ನು ಸಂಪೂರ್ಣವಾಗಿ ಮರೆತು ಕೂರುವುದಿಲ್ಲ ಎಂಬುದನ್ನೂ ಹೇಳಬೇಕು. ಬರವಣಿಗೆ ನಡೆಯುತ್ತಿರುವಾಗ ಅದು ಡಿಸ್ಕಿನ ಮೇಲೆ ಒಂದು ಗುರುತು ಇಟ್ಟುಕೊಂಡಿರುತ್ತದೆ. ಸರಿಯಾಗಿ ಮುಚ್ಚದೆ ಗಣಕ ನಿಂತುಹೋದರೆ ಮರುಪ್ರಾರಂಭದಲ್ಲಿ ತಾನಾಗಿ ಡಿಸ್ಕುಗಳನ್ನು ಸರಿಹೊಂದಿಸುತ್ತದೆ. ‘ಬಿಟ್‌ಮ್ಯಾಪ್’ ಎಂಬ ಪಟ್ಟಿ ಇದ್ದರೆ ಇಡೀ ಡಿಸ್ಕಿನ ಬದಲು ಗುರುತು ಮಾಡಿದ ಭಾಗಗಳನ್ನಷ್ಟೇ ನೋಡುತ್ತದೆ. 2016ರ ಲಿನಕ್ಸ್ 4.4 ಆವೃತ್ತಿಯಿಂದ ರೇಡ್ 5 ಮತ್ತು 6ಕ್ಕೆ ಪ್ರತ್ಯೇಕ ಜರ್ನಲ್ ಡಿಸ್ಕು ಇಡುವ ಸೌಲಭ್ಯವೂ ಬಂದಿದ್ದು, ಅದು ರೈಟ್ ಹೋಲನ್ನು ಮುಚ್ಚುತ್ತದೆ. ಆದರೆ ಕೆಲವು ಡಿಸ್ಕುಗಳು ದತ್ತಾಂಶ ಇನ್ನೂ ತಮ್ಮ ತಾತ್ಕಾಲಿಕ ಸ್ಮೃತಿಯಲ್ಲೇ ಇರುವಾಗ ‘ಬರೆದಾಯಿತು’ ಎಂದು ವರದಿ ಕೊಡುವುದುಂಟು. ಆಗ ಈ ಗುರುತುಗಳೂ ಮೋಸ ಹೋಗುತ್ತವೆ.

ಎರಡನೆಯ ಕಾರಣ, ಯಾರ ಗಮನಕ್ಕೂ ಬಾರದೆ ಆಗುವ ಕೇಡು. ದೋಷಯುಕ್ತ ರ‍್ಯಾಮ್, ಡಿಸ್ಕಿನೊಳಗಿನ ತಂತ್ರಾಂಶದ ತಪ್ಪು, ತಪ್ಪು ಜಾಗದಲ್ಲಿ ಬಿದ್ದ ಬರಹ ಇತ್ಯಾದಿ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನವು 15.3 ಲಕ್ಷ ಡಿಸ್ಕುಗಳನ್ನು 41 ತಿಂಗಳುಗಳ ಕಾಲ ಗಮನಿಸಿ, ಡಿಸ್ಕು ‘ಸರಿ’ ಎಂದು ಓದಿಕೊಟ್ಟರೂ ತಾಳೆಯಾಗದ 4 ಲಕ್ಷಕ್ಕೂ ಹೆಚ್ಚು ಪ್ರಸಂಗಗಳನ್ನು ದಾಖಲಿಸಿತು. ಡಿಸ್ಕುಗಳ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪವೇ. ಹಾಗೆಂದು ಇಲ್ಲವೆನ್ನುವಂತಿಲ್ಲ.

ಮೂರನೆಯದು ಓದಲಾಗದ ಜಾಗಗಳು. ವರ್ಷಗಟ್ಟಲೆ ಯಾರೂ ತೆರೆಯದ ಕಡತವಿರುವ ಜಾಗ ಕೆಟ್ಟಿದ್ದರೂ ಗೊತ್ತಾಗುವುದು ಇನ್ನೊಂದು ಡಿಸ್ಕು ಸತ್ತು, ಇದರಿಂದ ಎಲ್ಲವನ್ನೂ ಓದಬೇಕಾಗಿ ಬಂದ ದಿನವೇ. ಸಾಮಾನ್ಯ ಡಿಸ್ಕುಗಳ ವಿವರಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್‌ಗಳನ್ನು ಓದಿದಾಗ ಒಂದು ದೋಷ ಬರಬಹುದೆಂದು ನಮೂದಾಗಿರುತ್ತದೆ. ಅದು ಸುಮಾರು 12.5 ಟೆರಾಬೈಟ್. ಇಂದಿನ ಡಿಸ್ಕುಗಳ ಗಾತ್ರದ ಮುಂದೆ ಈ ಅಂಕಿ ದೊಡ್ಡದೇನಲ್ಲ.

ಪರಿಶೀಲನೆಯ ಕ್ರಮ

ಇಡೀ ರೇಡನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಾಳೆ ನೋಡುವ ಕ್ರಿಯೆಗೆ ‘ಸ್ಕ್ರಬ್’ ಎಂದು ಹೆಸರು. ಪಾತ್ರೆ ಉಜ್ಜುವ ಕೆಲಸಕ್ಕೂ ಇಂಗ್ಲಿಷಿನವರು ಇದೇ ಪದ ಬಳಸುತ್ತಾರೆ. ಎಂಡಿಯಲ್ಲಿ ಪ್ರತಿ ರೇಡ್‌ಗೂ ‘ಸಿಂಕ್ ಆ್ಯಕ್ಷನ್’ ಎಂಬ ಒಂದು ನಿಯಂತ್ರಣ ಕಡತವಿರುತ್ತದೆ. ಅದರಲ್ಲಿ ‘ಚೆಕ್’ ಎಂದು ಬರೆದರೆ ಪರಿಶೀಲನೆ ಆರಂಭವಾಗುತ್ತದೆ, ‘ಐಡಲ್’ ಎಂದು ಬರೆದರೆ ನಿಲ್ಲುತ್ತದೆ, ‘ರಿಪೇರ್’ ಎಂದು ಬರೆದರೆ ಪರಿಶೀಲಿಸುತ್ತಾ ವ್ಯತ್ಯಾಸಗಳನ್ನು ಅಳಿಸಿಹಾಕುತ್ತದೆ. ಡೆಬಿಯನ್ ಆಧಾರಿತ ವ್ಯವಸ್ಥೆಗಳಲ್ಲಿ ತಿಂಗಳ ಮೊದಲ ಭಾನುವಾರ ನಸುಕಿನ 12 ಗಂಟೆ 57 ನಿಮಿಷಕ್ಕೆ ‘ಚೆಕ್’ ತಾನಾಗಿ ನಡೆಯುವಂತೆ ಬಹುಕಾಲದಿಂದ ಏರ್ಪಾಡು ಇತ್ತು. ರಾತ್ರಿ ಗಣಕ ಆರಿಸಿ ಮಲಗುವ ನಮ್ಮ ಮನೆಗಳಲ್ಲಿ ಆ ಭಾನುವಾರ ಬರುವುದೇ ಇಲ್ಲ ಎಂಬುದು ಬೇರೆ ಮಾತು. ನ್ಯಾಸ್ ಪೆಟ್ಟಿಗೆಗಳಲ್ಲಿ ಇದೇ ಕೆಲಸಕ್ಕೆ ಪರದೆಯ ಮೇಲೆ ಗುಂಡಿಯೊಂದು ಇರುತ್ತದೆ.

‘ಚೆಕ್’ ನಡೆಯುವಾಗ ಓದಲಾಗದ ಜಾಗ ಸಿಕ್ಕರೆ ಎಂಡಿ ಉಳಿದ ಡಿಸ್ಕುಗಳಿಂದ ಅಲ್ಲಿರಬೇಕಾದದ್ದನ್ನು ಲೆಕ್ಕ ಹಾಕಿ ಮತ್ತೆ ಬರೆಯುತ್ತದೆ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ, ಏಕೆಂದರೆ ಕೆಟ್ಟವರು ಯಾರೆಂದು ಇಲ್ಲಿ ಗೊತ್ತಿದೆ. ಆದರೆ ಎಲ್ಲವೂ ಓದಿಗೆ ಸಿಕ್ಕಿ, ತಾಳೆ ಮಾತ್ರ ಆಗದಿದ್ದರೆ ‘ಚೆಕ್’ ಏನನ್ನೂ ಮುಟ್ಟದೆ ಲೆಕ್ಕವನ್ನಷ್ಟೇ ಇಡುತ್ತದೆ. ಆ ಲೆಕ್ಕವೇ ‘ಮಿಸ್‌ಮ್ಯಾಚ್ ಕೌಂಟ್’.

ಈ ಅಂಕಿಯನ್ನು ಓದುವುದರಲ್ಲಿ ಹಲವರು ಎಡವುತ್ತಾರೆ. ಇದನ್ನು 512 ಬೈಟ್‌ಗಳ ಸೆಕ್ಟರುಗಳಲ್ಲಿ ಎಣಿಸಲಾಗುತ್ತದೆ. ಆದರೆ ಎಂಡಿ ಒಂದೊಂದೇ ಸೆಕ್ಟರನ್ನು ನೋಡುವುದಿಲ್ಲ. ದೊಡ್ಡ ತುಂಡುಗಳನ್ನು ಹೋಲಿಸಿ, ಒಂದು ತುಂಡಿನಲ್ಲಿ ಎಲ್ಲೋ ಒಂದು ಬಿಟ್ ಬೇರೆಯಾಗಿದ್ದರೂ ಇಡೀ ತುಂಡಿನ ಸೆಕ್ಟರುಗಳನ್ನು ಕೂಡಿಸುತ್ತದೆ. ಆದ್ದರಿಂದ 128 ಎಂದು ಬಂದರೆ 128 ತಪ್ಪುಗಳಿವೆ ಎಂದು ಗಾಬರಿಯಾಗಬೇಕಿಲ್ಲ. 64 ಕಿಲೋಬೈಟಿನ ಒಂದು ತುಂಡಿನಲ್ಲಿ ಒಂದು ವ್ಯತ್ಯಾಸವೂ ಇರಬಹುದು.

ಯಾವ ಬಗೆಯ ರೇಡ್ ಎಂಬುದೂ ಮುಖ್ಯ. ರೇಡ್ 5 ಮತ್ತು 6ರಲ್ಲಿ ಈ ಅಂಕಿ ಶೂನ್ಯವಲ್ಲದಿದ್ದರೆ ಯಂತ್ರಭಾಗದಲ್ಲಿ ದೋಷವಿದೆ ಎಂದೇ ತಿಳಿಯಬೇಕು. ಮೊದಲು ಜೋಡಿಸುವಾಗ ಸಮಯ ಉಳಿಸಲೆಂದು ‘ಡಿಸ್ಕುಗಳು ಶುದ್ಧವಾಗಿವೆ ಎಂದು ಭಾವಿಸು’ ಎಂಬ ಆಯ್ಕೆ ಕೊಟ್ಟಿದ್ದರೆ ಅದಕ್ಕೆ ಅಪವಾದ. ರೇಡ್ 1ರಲ್ಲಿ ಮತ್ತು ಅದರ ಬಂಧುವಾದ ರೇಡ್ 10ರಲ್ಲಿ ನಿರುಪದ್ರವಿಯಾದ ವ್ಯತ್ಯಾಸಗಳೂ ಇರುತ್ತವೆ. ಸ್ಮೃತಿಯ ವಿಸ್ತರಣೆಗೆ ಬಳಸುವ ‘ಸ್ವಾಪ್’ ಭಾಗ ಅದೇ ರೇಡ್ ಮೇಲಿದ್ದರೆ, ಎರಡು ಡಿಸ್ಕುಗಳಿಗೆ ಬರೆಯುವ ನಡುವಿನ ಅವಧಿಯಲ್ಲಿ ಸ್ಮೃತಿಯೇ ಬದಲಾಗಿ ಎರಡರಲ್ಲಿ ಬೇರೆ ಬೇರೆ ಬರಹ ಉಳಿಯಬಹುದು. ಆ ಜಾಗವನ್ನು ಗಣಕ ಮತ್ತೆ ಓದುವುದಿಲ್ಲವಾದ್ದರಿಂದ ನಷ್ಟವಿಲ್ಲ.

ಹಾಗಾದರೆ ನಮ್ಮ ಅಂಕಿ ನಿರುಪದ್ರವಿಯೋ, ನಿಜವಾದ ಕೇಡೋ? ಇದನ್ನು ತಿಳಿಯದೆ ಮುಂದಿನ ಹೆಜ್ಜೆ ಇಡಬಾರದು.

ರಿಪೇರ್ ಎಂಬ ಮಾತಿನ ಅರ್ಥ

ಹೆಸರು ದುರಸ್ತಿ ಎಂದಿದ್ದರೂ ಈ ಆಜ್ಞೆ ಮಾಡುವುದು ತಾಳೆ ಹೊಂದಿಸುವ ಕೆಲಸವನ್ನು ಮಾತ್ರ. ರೇಡ್ 5ರಲ್ಲಿ ಅದು ದತ್ತಾಂಶವೆಲ್ಲ ಸರಿ, ಪ್ಯಾರಿಟಿಯೇ ತಪ್ಪು ಎಂದು ಭಾವಿಸಿ ಪ್ಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. ಕರೆಂಟ್ ಹೋಗಿ ಆದ ವ್ಯತ್ಯಾಸವಾಗಿದ್ದರೆ ಇದು ಸರಿಯಾದ ಕ್ರಮ. ದತ್ತಾಂಶದ ಡಿಸ್ಕೇ ಸುಳ್ಳು ಹೇಳುತ್ತಿದ್ದರೆ ಆ ಸುಳ್ಳಿಗೆ ಹೊಂದುವಂತೆ ಸಾಕ್ಷಿಯನ್ನೇ ತಿದ್ದಿದಂತಾಗುತ್ತದೆ. ರೇಡ್ 1ರಲ್ಲಿ ಮೊದಲ ಡಿಸ್ಕಿನಲ್ಲಿರುವುದನ್ನು ಉಳಿದವಕ್ಕೆ ನಕಲು ಮಾಡುತ್ತದೆ. ಮೂರು ಕನ್ನಡಿ ಪ್ರತಿಗಳಿದ್ದು ಎರಡು ಒಂದೇ ರೀತಿ ಇದ್ದರೂ ಬಹುಮತಕ್ಕೆ ಅಲ್ಲಿ ಬೆಲೆಯಿಲ್ಲ. ರೇಡ್ 6ರಲ್ಲಿ ಎರಡು ತಾಳೆಯ ಅಂಕಿಗಳಿರುವುದರಿಂದ ತಪ್ಪಿತಸ್ಥ ಡಿಸ್ಕನ್ನು ಗಣಿತದಿಂದ ಗುರುತಿಸುವುದು ಸಾಧ್ಯ, ನಮ್ಮ ಒಂಬತ್ತರ ಲೆಕ್ಕದಂತೆ. ಆದರೂ ‘ರಿಪೇರ್’ ಅದನ್ನು ಬಳಸದೆ ಎರಡೂ ಅಂಕಿಗಳನ್ನು ಹೊಸದಾಗಿ ಬರೆದುಬಿಡುತ್ತದೆ. ಗುರುತಿಸುವ ಕೆಲಸಕ್ಕೆ ‘ರೇಡ್ 6 ಚೆಕ್’ ಎಂಬ ಬೇರೆಯೇ ಸಲಕರಣೆ ಇದೆ.

ಇದರ ಮಹತ್ವ ನಮಗೆ ಮನದಟ್ಟಾದದ್ದು 2020ರಲ್ಲಿ. ನಮ್ಮ ಬಳಗದ ಧ್ವನಿ ಮತ್ತು ಚಿತ್ರ ಸಂಗ್ರಹ ಥಾಣೆಯ ಮಿತ್ರರೊಬ್ಬರ ಮನೆಯಲ್ಲಿ, ಎರಡು ಡಿಸ್ಕುಗಳ ರೇಡ್ 1ರಲ್ಲಿತ್ತು. ಅಕ್ಟೋಬರ್ 12ರ ಕತ್ತಲಿನ ನಂತರ ಗಣಕ ಎಂದಿನಂತೆ ಎದ್ದಿತು. ನವೆಂಬರ್ 1ರ ಭಾನುವಾರದ ಪರಿಶೀಲನೆಯಲ್ಲಿ ಮಿಸ್‌ಮ್ಯಾಚ್ ಕೌಂಟ್ 1,408 ಎಂದು ಬಂತು. 128ರಿಂದ ಭಾಗಿಸಿದರೆ ಹನ್ನೊಂದು ತುಂಡುಗಳು. ಸ್ವಾಪ್ ಆ ರೇಡ್ ಮೇಲಿರಲಿಲ್ಲ. ‘ರಿಪೇರ್ ಕೊಟ್ಟುಬಿಡೋಣ, ಸೊನ್ನೆಯಾಗುತ್ತದೆ’ ಎಂದರು ಮಿತ್ರರು. ಸೊನ್ನೆಯೇನೋ ಆಗುತ್ತಿತ್ತು.

ಅದೃಷ್ಟಕ್ಕೆ ಕ್ಯಾಸೆಟ್‌ಗಳನ್ನು ಗಣಕಕ್ಕೆ ಇಳಿಸಿದಾಗಲೇ ಪ್ರತಿ ಕಡತಕ್ಕೂ ‘ಚೆಕ್‌ಸಮ್’ ತೆಗೆದಿಟ್ಟಿದ್ದೆವು. ಕಡತದ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿ ಪಡೆಯುವ ಚಿಕ್ಕ ಗುರುತು ಅದು. ಒಂದು ಬಿಟ್ ಬದಲಾದರೂ ಗುರುತು ಬದಲಾಗುತ್ತದೆ. ಆ ಪಟ್ಟಿ ಮತ್ತು ಕಡತಗಳ ಇನ್ನೊಂದು ಪ್ರತಿ ಕಲ್ಯಾಣ್‌ನಲ್ಲಿದ್ದ ಬೇರೊಂದು ಡಿಸ್ಕಿನಲ್ಲಿದ್ದವು. ಲೋಕಲ್ ರೈಲು ಇನ್ನೂ ಎಲ್ಲರಿಗೂ ತೆರೆದಿರದ ದಿನಗಳು. ಬ್ಯಾಂಕ್ ಸಿಬ್ಬಂದಿಯೆಂಬ ಅನುಮತಿಯಿಂದ ಆ ಡಿಸ್ಕು ನಮ್ಮ ಊಟದ ಡಬ್ಬದ ಜತೆ ಥಾಣೆಗೆ ಬಂತು.

ಕಡತವನ್ನು ಸುಮ್ಮನೆ ತೆರೆದು ನೋಡಿದರೆ ಪ್ರಯೋಜನವಿಲ್ಲ. ರೇಡ್ 1ರಲ್ಲಿ ಎಂಡಿ ಒಮ್ಮೆ ಒಂದು ಡಿಸ್ಕಿನಿಂದ, ಇನ್ನೊಮ್ಮೆ ಮತ್ತೊಂದರಿಂದ ಓದುತ್ತದೆ. ಇಂದು ಸರಿಯಾಗಿ ಕೇಳಿಸಿದ ಹಾಡು ನಾಳೆ ಕರಕರ ಎನ್ನಬಹುದು. ಆದ್ದರಿಂದ ರೇಡನ್ನು ನಿಲ್ಲಿಸಿ, ಒಂದೊಂದೇ ಡಿಸ್ಕನ್ನು ಓದಲಿಕ್ಕೆ ಮಾತ್ರ ಎಂಬ ಷರತ್ತಿನೊಂದಿಗೆ ತೆರೆದು, ಕಡತವ್ಯವಸ್ಥೆಯನ್ನೂ ಬರೆಯಲಾಗದಂತೆ ಜೋಡಿಸಿ, ಎರಡು ಸಲ ಇಡೀ ಪಟ್ಟಿಯನ್ನು ತಾಳೆ ನೋಡಿದೆವು. ಎರಡನೆಯ ಡಿಸ್ಕಿನ ಕಡತಗಳೆಲ್ಲವೂ ಪಟ್ಟಿಗೆ ಹೊಂದಿದವು. ಮೊದಲ ಡಿಸ್ಕಿನಲ್ಲಿ ಮೂರು ಕಡತಗಳು ಹೊಂದಲಿಲ್ಲ. ಎರಡು ಛಾಯಾಚಿತ್ರಗಳು; ಇನ್ನೊಂದು 1980ರ ದಶಕದ ತಾಳಮದ್ದಳೆಯ ಧ್ವನಿಮುದ್ರಣ. ಅದರ ಅರ್ಥಧಾರಿಗಳಲ್ಲಿ ಈಗ ಯಾರೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ‘ರಿಪೇರ್’ ಕೊಟ್ಟಿದ್ದರೆ ಮೊದಲ ಡಿಸ್ಕಿನ ಹಾಳು ಪ್ರತಿಯೇ ಎರಡನೆಯದರ ಮೇಲೂ ಕೂರುತ್ತಿತ್ತು. ಅಂಕಿ ಸೊನ್ನೆಯಾಗಿ ಎಲ್ಲರೂ ನೆಮ್ಮದಿಯಿಂದ ಮಲಗುತ್ತಿದ್ದೆವು.

ಮೊದಲ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ, ಅಂದರೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ದಾಖಲೆಯಲ್ಲಿ, ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ ಸಂಖ್ಯೆ ಏರಿತ್ತು. ಅದನ್ನು ತೆಗೆದುಹಾಕಿ ಹೊಸ ಡಿಸ್ಕು ಹಾಕಿ, ಎರಡನೆಯದರಿಂದ ಪೂರ್ತಿ ನಕಲು ಮಾಡಿಸಿದೆವು. ಬಳಿಕದ ‘ಚೆಕ್’ ಶೂನ್ಯ ತೋರಿಸಿತು.

ಎರಡೂ ಡಿಸ್ಕುಗಳಲ್ಲಿ ಬೇರೆ ಬೇರೆ ಕಡತಗಳು ಕೆಟ್ಟಿದ್ದರೆ ಕೆಲಸ ಇಷ್ಟು ಸರಳವಾಗುತ್ತಿರಲಿಲ್ಲ. ಆಗ ಹೊಂದದ ಕಡತಗಳನ್ನು ಸರಿಯಾದ ಪ್ರತಿಯಿಂದ ಮತ್ತೆ ಬರೆಯಬೇಕು. ಬರೆಯುವಾಗ ಎರಡೂ ಡಿಸ್ಕುಗಳಿಗೆ ಒಂದೇ ದತ್ತಾಂಶ ಹೋಗುತ್ತದೆ. ಅನಂತರ ಖಾಲಿ ಜಾಗದಲ್ಲಿ ಉಳಿದ ವ್ಯತ್ಯಾಸಕ್ಕೆ ‘ರಿಪೇರ್’ ಕೊಡಲು ಅಡ್ಡಿಯಿಲ್ಲ. ಕಡತವ್ಯವಸ್ಥೆಯನ್ನು ಪರೀಕ್ಷಿಸುವ ‘ಎಫ್‌ಎಸ್‌ಸಿಕೆ’ ಇದಕ್ಕೆ ಬದಲಿಯಲ್ಲ ಎಂಬುದನ್ನೂ ಹೇಳಬೇಕು. ಅದು ಕಡತಗಳ ಸೂಚಿ ಸರಿಯಿದೆಯೇ ಎಂದು ನೋಡುತ್ತದೆ, ಕಡತದ ಒಳಗಿರುವುದನ್ನಲ್ಲ. ಒಪ್ಪದ ಡಿಸ್ಕುಗಳ ಮೇಲೆ ಅದನ್ನು ಆತುರದಿಂದ ಓಡಿಸಿದರೆ ಹಾನಿ ಹೆಚ್ಚಾಗುವುದೂ ಉಂಟು.

ತಾವೇ ಗುರುತು ಇಡುವ ವ್ಯವಸ್ಥೆಗಳು

ಚೆಕ್‌ಸಮ್ ಪಟ್ಟಿಯನ್ನು ಕೈಯಿಂದ ಇಡುವ ಬದಲು ಕಡತವ್ಯವಸ್ಥೆಯೇ ಇಟ್ಟರೆ? ಸನ್ ಮೈಕ್ರೊಸಿಸ್ಟಮ್ಸ್ ಸಂಸ್ಥೆ 2005ರಲ್ಲಿ ಬಹಿರಂಗಪಡಿಸಿದ ಜೆಡ್‌ಎಫ್‌ಎಸ್ ಮಾಡಿದ್ದು ಇದನ್ನೇ. ಪ್ರತಿ ತುಂಡಿನ ಗುರುತನ್ನು ಆ ತುಂಡಿನ ಜತೆಗಿಡದೆ ಅದರ ವಿಳಾಸವಿರುವ ಜಾಗದಲ್ಲಿ ಇಡುತ್ತದೆ. ಓದುವಾಗ ಗುರುತು ಹೊಂದದಿದ್ದರೆ ಇನ್ನೊಂದು ಪ್ರತಿಯನ್ನು ಓದಿ, ಅದು ಹೊಂದಿದರೆ ಕೆಟ್ಟದ್ದನ್ನು ತಿದ್ದುತ್ತದೆ. ಇಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂಬ ಪ್ರಶ್ನೆಗೆ ಉತ್ತರವಿದೆ. 2009ರಲ್ಲಿ ಲಿನಕ್ಸ್ ಸೇರಿದ ಬಿಟಿಆರ್‌ಎಫ್‌ಎಸ್ ಕೂಡ ಇದೇ ದಾರಿಯದು. ಆದರೆ ಅದರ ರೇಡ್ 5 ಮತ್ತು 6ನ್ನು ಮಹತ್ವದ ದತ್ತಾಂಶಕ್ಕೆ ಬಳಸಬೇಡಿ ಎಂದು ಅದನ್ನು ರೂಪಿಸಿದವರೇ ಎಚ್ಚರಿಸುತ್ತಾರೆ. ಹೊಸದಾಗಿ ಜೋಡಿಸುವವರು ಎರಡು ಡಿಸ್ಕುಗಳ ಜೆಡ್‌ಎಫ್‌ಎಸ್ ಕನ್ನಡಿಯನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಈಗಾಗಲೇ ಎಂಡಿ ಇರುವವರು ಗಾಬರಿಯಿಂದ ಬದಲಿಸಬೇಕಾಗಿಲ್ಲ, ಪಟ್ಟಿ ಇಟ್ಟುಕೊಂಡರೆ ಸಾಕು.

ಈ ಯಾವ ವ್ಯವಸ್ಥೆಯೂ ಬೇರೆಡೆ ಇಟ್ಟ ಪ್ರತಿಗೆ ಸಮವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದು, ಕಲ್ಯಾಣ್-ಡೊಂಬಿವಲಿಯ ತಗ್ಗು ಪ್ರದೇಶಗಳ ನೆಲಮಹಡಿಗಳು ಮುಳುಗಿದಾಗ ಒಂದೇ ಪೆಟ್ಟಿಗೆಯ ಎಲ್ಲ ಡಿಸ್ಕುಗಳೂ ಒಂದೇ ನೀರಿನಲ್ಲಿದ್ದವು. ಐರೋಲಿ, ಮಹಾಪೆಗಳ ದೊಡ್ಡ ಡೇಟಾ ಸೆಂಟರುಗಳನ್ನು ಬಳಸುವವರು ಕೂಡ ಇನ್ನೊಂದು ಪ್ರತಿಯನ್ನು ದೂರದ ಊರಿನಲ್ಲಿ ಇಡುವುದು ಇದಕ್ಕಾಗಿಯೇ.

ಇನ್ನು ಸಮಯದ ವಿಚಾರ. 4 ಟೆರಾಬೈಟಿನ ಡಿಸ್ಕನ್ನು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಓದಿದರೆ ಏಳೂವರೆ ಗಂಟೆ ಬೇಕು. ಗಣಕದಲ್ಲಿ ಬೇರೆ ಕೆಲಸವಿದ್ದರೆ ಇನ್ನೂ ಹೆಚ್ಚು. ಕರೆಂಟ್ ಹೋಗುವ ಭಯವಿರುವಲ್ಲಿ ಯುಪಿಎಸ್ ಇಲ್ಲದೆ ಇದನ್ನು ಆರಂಭಿಸದಿರುವುದು ಲೇಸು. ಯುಪಿಎಸ್‌ನ ಬ್ಯಾಟರಿ ಮುಗಿಯುವ ಮುನ್ನ ಗಣಕ ತಾನಾಗಿ ಮುಚ್ಚುವಂತೆ ಯುಎಸ್‌ಬಿ ತಂತಿಯನ್ನೂ ಜೋಡಿಸಬೇಕು. ಆ ತಂತಿ ಡಬ್ಬದೊಳಗೇ ಉಳಿದಿರುವ ಮನೆಗಳನ್ನು ನಾವು ಕಂಡಿದ್ದೇವೆ. ನಮ್ಮಲ್ಲಿ ಈಗ ಥಾಣೆಯ ರೇಡ್‌ನಲ್ಲಿ ತಿಂಗಳಿಗೊಮ್ಮೆ ‘ಚೆಕ್’ ನಡೆಯುತ್ತದೆ. ಅದರ ಅಂಕಿ ಮತ್ತು ದಿನಾಂಕವನ್ನು ಒಂದು ನೋಟ್‌ಬುಕ್‌ನಲ್ಲಿ ಪೆನ್ನಿನಿಂದ ಬರೆದಿಡುತ್ತೇವೆ. ಕಲ್ಯಾಣ್‌ನ ಪ್ರತಿಯನ್ನು ಮಳೆಗಾಲಕ್ಕೆ ಮುನ್ನ ಮತ್ತು ದೀಪಾವಳಿಯ ಬಳಿಕ ಚೆಕ್‌ಸಮ್ ಪಟ್ಟಿಯೊಂದಿಗೆ ತಾಳೆ ನೋಡುತ್ತೇವೆ.